ಟೇಪು ಹಿಡಿದು ಒಂದು ಸುತ್ತು: ಕಟ್ಟಡ ಅಂಗವಿಕಲರಿಗೂ ತೆರೆದಿದೆಯಾ ಎಂದು ನೋಡುವುದು ಹೇಗೆ?

ಒಂದು ಕಚೇರಿಯ ಮುಂದೆ ಹೊಸದಾಗಿ ರ‍್ಯಾಂಪ್ ಕಟ್ಟಿದ್ದರು. ಸ್ಟೀಲಿನ ಕಂಬಿ, ನೀಲಿ ಬೋರ್ಡು, ಎಲ್ಲ ಇತ್ತು. ಇಳಿಜಾರೂ ಹದವಾಗಿತ್ತು. ವೀಲ್‌ಚೇರ್ ಬಳಸುವ ಗೆಳೆಯರೊಬ್ಬರ ಜೊತೆ ಅಲ್ಲಿಗೆ ಹೋಗಿದ್ದೆ. ಅವರು ಯಾರ ಸಹಾಯವೂ ಇಲ್ಲದೆ ಸಲೀಸಾಗಿ ಮೇಲೆ ಹತ್ತಿದರು. ನೋಡಿದರೆ ಬಾಗಿಲಿಗೆ ಮುಂಚೆ ಒಂದು ಮೆಟ್ಟಿಲು. ಒಂದೇ ಒಂದು. ಕಟ್ಟಿದವರ ಲೆಕ್ಕಕ್ಕೇ ಅದು ಬಂದಿರಲಿಲ್ಲ. ಕೊನೆಗೆ ಇಬ್ಬರು ಬಂದು, ಬೀರು ಎತ್ತುವ ಹಾಗೆ ಅವರನ್ನು ಕುರ್ಚಿ ಸಮೇತ ಎತ್ತಿ ಒಳಗಿಟ್ಟರು.

ಅವತ್ತಿನಿಂದ ನನ್ನ ಬ್ಯಾಗಿನಲ್ಲಿ ಒಂದು ಅಳತೆ ಟೇಪು ಇರುತ್ತದೆ.

‘ರ‍್ಯಾಂಪ್ ಇದೆಯಾ? ಇದೆ. ಲಿಫ್ಟ್ ಇದೆಯಾ? ಇದೆ’ ಎಂದು ಟಿಕ್ ಹಾಕುತ್ತಾ ಹೋದರೆ ಅಂಥ ಮೆಟ್ಟಿಲು ಕಣ್ಣಿಗೇ ಬೀಳುವುದಿಲ್ಲ. ಬರುವವರು ಹೇಗೆ ಬರುತ್ತಾರೋ ಅದೇ ದಾರಿಯಲ್ಲಿ ನಾವೂ ನಡೆಯಬೇಕು. ರಸ್ತೆಯಿಂದ ಗೇಟು, ಗೇಟಿನಿಂದ ಬಾಗಿಲು, ಬಾಗಿಲಿನಿಂದ ಕೌಂಟರ್, ಅಲ್ಲಿಂದ ಟಾಯ್ಲೆಟ್, ಮತ್ತೆ ವಾಪಸ್ ರಸ್ತೆ. ನಡುವೆ ಒಂದು ಕಡೆ ದಾರಿ ತುಂಡಾದರೆ ಉಳಿದದ್ದೆಲ್ಲ ಇದ್ದೂ ಇಲ್ಲದ ಹಾಗೆ. ಪ್ರತಿ ಹಂತದಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಇಲ್ಲಿಗೆ ಒಬ್ಬರೇ ಬಂದರೆ, ಯಾರನ್ನೂ ಕರೆಯದೆ ಮುಂದೆ ಹೋಗಬಹುದಾ?

ಹೊರಡುವ ಮುಂಚೆ

ಅಳತೆ ಟೇಪು ಬೇಕು. ಇಳಿಜಾರು ಅಳೆಯಲು ಫೋನಿನಲ್ಲಿರುವ ಲೆವೆಲ್ ಆ್ಯಪ್ ಸಾಕು. ಸೂಟ್‌ಕೇಸ್ ತೂಗುವ ಸಣ್ಣ ಕೊಕ್ಕೆಯ ತಕ್ಕಡಿ ಸಿಕ್ಕರೆ ಅದನ್ನೂ ಇಟ್ಟುಕೊಳ್ಳಿ, ಯಾಕೆ ಅಂತ ಬಾಗಿಲಿನ ಹತ್ತಿರ ಹೇಳುತ್ತೇನೆ.

ಇವಕ್ಕಿಂತ ಮುಖ್ಯವಾಗಿ, ವೀಲ್‌ಚೇರ್ ಅಥವಾ ಬಿಳಿ ಕೋಲು ಬಳಸುವ, ಇಲ್ಲವೇ ಕಿವಿ ಕೇಳದ ಒಬ್ಬರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ಅವರ ಸಮಯಕ್ಕೆ ಸಂಭಾವನೆ ಕೊಡಿ, ಇದು ಪರಿಣತಿಯ ಕೆಲಸ. ಕೆಲವರು ತಾವೇ ಅರ್ಧ ಗಂಟೆ ವೀಲ್‌ಚೇರಿನಲ್ಲಿ ಕೂತು ‘ಅನುಭವ’ ಪಡೆಯುತ್ತಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ತೋಳಿನಲ್ಲಿ ಬಲ ಇರುವವರು ಕಡಿದಾದ ರ‍್ಯಾಂಪನ್ನೂ ಹತ್ತಿ ‘ಪರವಾಗಿಲ್ಲ, ಚೆನ್ನಾಗಿದೆ’ ಎಂದುಬಿಡುತ್ತಾರೆ.

ಇಲ್ಲಿ ಕೊಡುವ ಅಳತೆಗಳಲ್ಲಿ ಹೆಚ್ಚಿನವು ಅಮೆರಿಕದ ಎಡಿಎ ಮಾನದಂಡದವು. ಎಡಿಎ 1990ರಲ್ಲಿ ಬಂದ ಅಂಗವಿಕಲರ ಹಕ್ಕುಗಳ ಕಾನೂನು. ಕಟ್ಟಡಗಳಿಗೆಂದೇ ಐಎಸ್‌ಒ 21542 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಇದೆ. ನೀವಿರುವ ದೇಶದ ನಿಯಮ ಬೇರೆ ಅಂಕಿ ಹೇಳಿದರೆ ಅದನ್ನೇ ಹಿಡಿಯಿರಿ. ವೀಲ್‌ಚೇರಿನ ಅಗಲ, ಕೂತವರ ಕೈಗೆಟುಕುವ ಎತ್ತರ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ. ಹಾಗಾಗಿ ಅಂಕಿಗಳೂ ತೀರಾ ದೂರ ಹೋಗುವುದಿಲ್ಲ.

‘ಇದು ಖಾಸಗಿ ಕಟ್ಟಡ, ನಮಗೆ ಇದೆಲ್ಲ ಅನ್ವಯಿಸಲ್ಲ’ ಎಂದು ಯಾರಾದರೂ ಹೇಳಬಹುದು. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ ಒಪ್ಪಂದವೊಂದಿದೆ. 2006ರ ಡಿಸೆಂಬರ್‌ನಲ್ಲಿ ಅಂಗೀಕಾರವಾಗಿ 2008ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಅದರ 9ನೇ ವಿಧಿ ರಸ್ತೆ, ಕಟ್ಟಡ, ಸಾರಿಗೆ, ಮಾಹಿತಿ ಎಲ್ಲವನ್ನೂ ಒಳಗೊಳ್ಳುತ್ತದೆ. ಸಾರ್ವಜನಿಕರಿಗೆ ಸೇವೆ ಕೊಡುವ ಖಾಸಗಿಯವರೂ ಇದನ್ನು ಗಮನಿಸುವಂತೆ ನೋಡಿಕೊಳ್ಳಬೇಕು ಎಂದು ಸರ್ಕಾರಗಳಿಗೆ ಹೇಳುತ್ತದೆ. ‘ಅಂಥವರು ಇಲ್ಲಿಗೆ ಬರುವುದೇ ಇಲ್ಲ’ ಎಂಬ ಇನ್ನೊಂದು ಮಾತೂ ಕೇಳಿಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಗಣನೀಯ ಅಂಗವೈಕಲ್ಯ ಇದೆ. ಒಬ್ಬರೂ ಬರುತ್ತಿಲ್ಲ ಅಂದರೆ ಬಾಗಿಲಲ್ಲೇ ಏನೋ ತೊಂದರೆ ಇದೆ.

ರಸ್ತೆಯಿಂದ ಗೇಟಿನವರೆಗೆ

ಕಟ್ಟಡದ ಒಳಗಿಂದ ಶುರು ಮಾಡಬೇಡಿ. ಬಸ್ಸು ನಿಲ್ಲುವ ಜಾಗಕ್ಕೋ ವಾಹನ ನಿಲುಗಡೆಗೋ ಹೋಗಿ ಅಲ್ಲಿಂದ ಬನ್ನಿ. ದಾರಿಯುದ್ದಕ್ಕೂ ಕನಿಷ್ಠ 91.5 ಸೆಂಟಿಮೀಟರ್ ಅಗಲ ಸಿಗಬೇಕು. ಕಾಗದದ ಮೇಲೆ ಎಲ್ಲ ಕಡೆ ಸಿಗುತ್ತದೆ. ನಿಂತ ಬೈಕು, ಬೋರ್ಡಿನ ಕಾಲು, ಹೂಕುಂಡ ಕಳೆದ ಮೇಲೆ ಎಷ್ಟು ಉಳಿಯುತ್ತದೆ ಎಂದು ಅಳೆಯಿರಿ.

ಕಾರು ನಿಲ್ಲಿಸುವ ಮೀಸಲು ಜಾಗಕ್ಕೆ 2.44 ಮೀಟರ್ ಅಗಲ, ಅದರ ಪಕ್ಕದಲ್ಲಿ 1.52 ಮೀಟರಿನಷ್ಟು ಖಾಲಿ ಪಟ್ಟಿ ಬೇಕು. ಈ ಪಟ್ಟಿಯನ್ನು ಗೀಟು ಹಾಕಿ ಖಾಲಿ ಬಿಟ್ಟಿರುತ್ತಾರೆ. ಜನ ಇದನ್ನು ನೋಡಿ ‘ಜಾಗ ಸುಮ್ನೆ ಬಿದ್ದಿದೆ’ ಎಂದು ಸ್ಕೂಟರ್ ನಿಲ್ಲಿಸುತ್ತಾರೆ. ಕಾರಿನ ಬಾಗಿಲು ಪೂರ್ತಿ ತೆಗೆದು, ಪಕ್ಕಕ್ಕೆ ವೀಲ್‌ಚೇರ್ ತಂದು, ಸೀಟಿನಿಂದ ಅದಕ್ಕೆ ಜರುಗಿ ಕೂರುವುದು ಅಲ್ಲೇ. ಅಲ್ಲಿ ಸ್ಕೂಟರ್ ನಿಂತರೆ ಬಂದವರು ಕಾರಿನಿಂದ ಇಳಿಯುವ ಹಾಗೇ ಇಲ್ಲ.

ನೆಲದಲ್ಲಿ ಹಳದಿ ಉಬ್ಬುಹಂಚು ಇದ್ದರೆ ನಿಂತು ನೋಡಿ. ಕಣ್ಣು ಕಾಣದವರು ಕಾಲಿನಿಂದ, ಕೋಲಿನಿಂದ ತಡವಿ ದಾರಿ ತಿಳಿಯುವುದು ಇದರಿಂದ. ಇದನ್ನು ರೂಪಿಸಿದವರು ಜಪಾನಿನ ಸೇಯಿಚಿ ಮಿಯಾಕೆ, 1965ರಲ್ಲಿ. ಮೊದಲು ಹಾಸಿದ್ದು 1967ರಲ್ಲಿ, ಒಕಾಯಾಮಾ ನಗರದ ಅಂಧರ ಶಾಲೆಯ ಹತ್ತಿರ. ಇದಕ್ಕೊಂದು ಭಾಷೆ ಇದೆ. ಉದ್ದ ಗೆರೆ ಇದ್ದರೆ ‘ಈ ಕಡೆ ಮುಂದೆ ಹೋಗು’, ಗುಂಡು ಚುಕ್ಕಿ ಇದ್ದರೆ ‘ನಿಲ್ಲು, ಎಚ್ಚರ’. ಎಷ್ಟೋ ಕಡೆ ಚೆಂದಕ್ಕೆ ಹಾಸಿದ ಹಾಗೆ ಗೆರೆ, ಚುಕ್ಕಿ ಕಲಸಿ ಹಾಸಿರುತ್ತಾರೆ. ಗೆರೆ ಹಿಡಿದು ಹೋದರೆ ನೇರ ಕಂಬಕ್ಕೆ ಡಿಕ್ಕಿ. ಇಂಥದ್ದಕ್ಕಿಂತ ಹಂಚೇ ಇಲ್ಲದಿದ್ದರೆ ವಾಸಿ, ಕೊನೆಗೆ ತಪ್ಪು ದಾರಿಯನ್ನಾದರೂ ತೋರಿಸುತ್ತಿರಲಿಲ್ಲ. ಮಂದದೃಷ್ಟಿ ಇರುವವರು ಬಣ್ಣ ನೋಡಿಯೇ ಇದನ್ನು ಗುರುತಿಸುತ್ತಾರೆ. ಹಾಗಾಗಿ ಸುತ್ತಲ ನೆಲದ ಬಣ್ಣದ್ದೇ ಹಂಚು ಹಾಕಿದರೆ ಅರ್ಧ ಪ್ರಯೋಜನ ಹೋಯಿತು.

ರ‍್ಯಾಂಪ್: ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ

ಎಲ್ಲರಿಗೂ ಗೊತ್ತಿರುವುದು ರ‍್ಯಾಂಪ್, ಅತಿ ಹೆಚ್ಚು ತಪ್ಪಾಗುವುದೂ ಇದರಲ್ಲೇ. ಸೂತ್ರ ಸುಲಭ: 1 ಪಾಲು ಎತ್ತರಕ್ಕೆ ಕನಿಷ್ಠ 12 ಪಾಲು ಉದ್ದ. ತಲಾ 15 ಸೆಂ.ಮೀ. ಎತ್ತರದ ಮೂರು ಮೆಟ್ಟಿಲು ಇದ್ದರೆ ಒಟ್ಟು 45 ಸೆಂ.ಮೀ. ಅದಕ್ಕೆ 5.4 ಮೀಟರ್ ಉದ್ದದ ರ‍್ಯಾಂಪ್ ಬೇಕು. ಕೇಳಿದವರು ಬೆಚ್ಚಿಬೀಳುತ್ತಾರೆ. ‘ಅಷ್ಟು ಜಾಗ ಎಲ್ಲಿದೆ?’ ಎಂದು ಎರಡು ಮೀಟರಿನಲ್ಲಿ ಮುಗಿಸಿಬಿಡುತ್ತಾರೆ. ಆಗ ಅದು ರ‍್ಯಾಂಪ್ ಅಲ್ಲ, ಜಾರುಬಂಡೆ. ಹತ್ತುವಾಗ ವೀಲ್‌ಚೇರ್ ಹಿಂದಕ್ಕೆ ಮಗುಚುವ ಭಯ, ಇಳಿಯುವಾಗ ಹಿಡಿತಕ್ಕೆ ಸಿಗದೆ ರಸ್ತೆಗೆ ನುಗ್ಗುವ ಭಯ.

ಅಳೆಯುವುದು ಹೀಗೆ. ಫೋನನ್ನು ರ‍್ಯಾಂಪಿನ ಮೇಲೆ ಮಲಗಿಸಿ ಲೆವೆಲ್ ಆ್ಯಪ್ ನೋಡಿ. 4.8 ಡಿಗ್ರಿ ದಾಟಬಾರದು. ಒಂದೇ ಜಾಗದಲ್ಲಿ ನೋಡಿ ಏಳಬೇಡಿ. ತುದಿ, ನಡು, ಬುಡ ಮೂರೂ ಕಡೆ ನೋಡಿ, ಸಿಮೆಂಟು ಮೆತ್ತುವಾಗ ಬುಡದಲ್ಲಿ ದಿಢೀರ್ ಕಡಿದಾಗಿರುತ್ತದೆ. ಪಕ್ಕಕ್ಕೆ ವಾಲಿದೆಯಾ ಎಂದೂ ಫೋನ್ ತಿರುಗಿಸಿ ನೋಡಿ.

ಒಂದೇ ಓಟದಲ್ಲಿ 76 ಸೆಂ.ಮೀ.ಗಿಂತ ಜಾಸ್ತಿ ಎತ್ತರ ಏರಿಸುವ ಹಾಗಿಲ್ಲ. ಅಷ್ಟಕ್ಕೆ ಒಂದು ಸಮತಟ್ಟು ಜಾಗ ಬೇಕು, ಕನಿಷ್ಠ 1.52 ಮೀಟರ್ ಉದ್ದ. ಬುಡದಲ್ಲೂ ತುದಿಯಲ್ಲೂ ಅಷ್ಟೇ ಸಮತಟ್ಟು ಇರಬೇಕು. ತುದಿಯದ್ದನ್ನು ಬಹಳ ಜನ ಮರೆಯುತ್ತಾರೆ. ಇಳಿಜಾರಿನ ಮೇಲೇ ಬಾಗಿಲು ಬಂದರೆ ಒಂದು ಕೈಯಲ್ಲಿ ಗಾಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಬಾಗಿಲು ಎಳೆಯಬೇಕು. ಮಾಡಿ ನೋಡಿ, ಗೊತ್ತಾಗುತ್ತದೆ.

ಹಿಡಿಕಂಬಿ ಎರಡೂ ಬದಿಗೆ ಬೇಕು. ಕೆಲವರಿಗೆ ಎಡಗೈ ಮಾತ್ರ ಆಡುತ್ತದೆ, ಕೆಲವರಿಗೆ ಬಲಗೈ. ಎತ್ತರ 86.5ರಿಂದ 96.5 ಸೆಂ.ಮೀ. ರ‍್ಯಾಂಪ್ ಮುಗಿದ ಮೇಲೂ ಕಂಬಿ 30 ಸೆಂ.ಮೀ. ಮುಂದೆ ಹೋಗಬೇಕು. ಕಣ್ಣು ಕಾಣದವರ ಕೈಗೆ ‘ಇಳಿಜಾರು ಮುಗಿಯಿತು’ ಎಂದು ತಿಳಿಸುವುದು ಆ ತುಂಡೇ.

ಇನ್ನೊಂದು ಮಾತು. ರ‍್ಯಾಂಪ್ ಬಂತು ಎಂದು ಮೆಟ್ಟಿಲು ಒಡೆಯಬೇಡಿ. ಕೃತಕ ಕಾಲು ಹಾಕಿಕೊಂಡವರು, ಊರುಗೋಲು ಹಿಡಿದವರು ಎಷ್ಟೋ ಸಲ ಇಳಿಜಾರಿಗಿಂತ ಮೆಟ್ಟಿಲನ್ನೇ ಇಷ್ಟಪಡುತ್ತಾರೆ. ಮೆಟ್ಟಿಲುಗಳ ಎತ್ತರ ಒಂದೇ ಸಮ ಇರಲಿ, ಅಂಚಿಗೆ ಎದ್ದುಕಾಣುವ ಬಣ್ಣದ ಪಟ್ಟಿ ಇರಲಿ, ಪಕ್ಕದಲ್ಲಿ ಕಂಬಿ ಇರಲಿ.

ರ‍್ಯಾಂಪ್ ಹಿಂಬಾಗಿಲಿನಲ್ಲಿದ್ದರೆ? ಹಳೆಯ ಕಟ್ಟಡಗಳಲ್ಲಿ ಬೇರೆ ದಾರಿ ಇಲ್ಲದೇ ಇರಬಹುದು. ಆದರೆ ಮುಂಬಾಗಿಲಿನಲ್ಲಿ ಅದಕ್ಕೆ ದಾರಿ ತೋರಿಸುವ ಬೋರ್ಡು ಇರಲೇಬೇಕು, ಹಿಂಬಾಗಿಲಿಗೆ ಬೀಗ ಇರಬಾರದು. ‘ಬೀಗದ ಕೈ ಸೆಕ್ಯೂರಿಟಿ ಹತ್ತಿರ ಇದೆ, ಅವರು ಈಗ ಊಟಕ್ಕೆ ಹೋಗಿದ್ದಾರೆ’ ಎಂಬುದನ್ನು ನಾನು ರ‍್ಯಾಂಪ್ ಇಲ್ಲ ಎಂದೇ ಬರೆದುಕೊಳ್ಳುತ್ತೇನೆ.

ಬಾಗಿಲು

ಬಾಗಿಲನ್ನು 90 ಡಿಗ್ರಿ ತೆಗೆದು ನಿಲ್ಲಿಸಿ. ಬಾಗಿಲಿನ ಮೈಯಿಂದ ಎದುರಿನ ಚೌಕಟ್ಟಿನವರೆಗೆ ಅಳೆಯಿರಿ. 81.5 ಸೆಂ.ಮೀ. ಸಿಗಬೇಕು. ಬಡಗಿ ಹೇಳುವ ಅಗಲ ಬೇರೆ, ಸಿಗುವ ಅಗಲ ಬೇರೆ. ಎರಡು ರೆಕ್ಕೆಯ ಬಾಗಿಲಾದರೆ ಒಂದು ರೆಕ್ಕೆ ತೆಗೆದಾಗಲೇ ಇಷ್ಟು ಸಿಗಬೇಕು, ಇನ್ನೊಂದಕ್ಕೆ ಯಾವಾಗಲೂ ಬೋಲ್ಟು ಹಾಕಿರುತ್ತಾರಲ್ಲ.

ಬಾಗಿಲು ನಮ್ಮ ಕಡೆ ಎಳೆಯುವಂಥದ್ದಾದರೆ ಹಿಡಿಯ ಪಕ್ಕದಲ್ಲಿ ಸುಮಾರು 45 ಸೆಂ.ಮೀ. ಖಾಲಿ ಗೋಡೆ ಬೇಕು. ವೀಲ್‌ಚೇರಿನಲ್ಲಿ ಇರುವವರು ಪಕ್ಕಕ್ಕೆ ಸರಿದರೆ ಮಾತ್ರ ಬಾಗಿಲು ಎಳೆಯಲಾಗುತ್ತದೆ. ಕಸದ ಡಬ್ಬ ಇಡಲು ಎಲ್ಲರೂ ಹುಡುಕುವ ಜಾಗವೂ ಅದೇ.

ಈಗ ಆ ತಕ್ಕಡಿ. ಕೊಕ್ಕೆಯನ್ನು ಹಿಡಿಗೆ ಸಿಕ್ಕಿಸಿ ನಿಧಾನಕ್ಕೆ ಎಳೆಯಿರಿ. ಒಳಗಿನ ಮಾಮೂಲಿ ಬಾಗಿಲು ಸುಮಾರು 2.3 ಕೆ.ಜಿ. ಬಲಕ್ಕೇ ತೆರೆಯಬೇಕು. ಜಾಸ್ತಿ ತೋರಿಸಿದರೆ ಮೇಲಿರುವ ಕ್ಲೋಸರನ್ನು, ಅಂದರೆ ಬಾಗಿಲನ್ನು ತಾನಾಗೇ ಮುಚ್ಚುವ ಸಾಧನವನ್ನು, ಸ್ವಲ್ಪ ಸಡಿಲ ಮಾಡಿಸಿ. ಹೆಚ್ಚಿನ ಕಡೆ ಸ್ಕ್ರೂಡ್ರೈವರ್ ಸಾಕು. ಬೆಂಕಿ ತಡೆಯುವ ಬಾಗಿಲಿನ ನಿಯಮ ಬೇರೆ, ಅದನ್ನು ಮುಟ್ಟಬೇಡಿ.

ಹಿಡಿ ಹೇಗಿದೆ ಎಂದು ಮುಷ್ಟಿ ಕಟ್ಟಿ ಪರೀಕ್ಷೆ ಮಾಡಿ. ಬೆರಳು ಬಿಚ್ಚದೆ, ಬರೀ ಮುಷ್ಟಿಯಿಂದ ಬಾಗಿಲು ತೆಗೆಯಲು ಆದರೆ ಸರಿ. ಗುಂಡು ಹಿಡಿ ಇಲ್ಲಿ ಫೇಲ್, ಉದ್ದ ಹಿಡಿ ಪಾಸ್. ಹೊಸಿಲು 13 ಮಿಲಿಮೀಟರ್ ದಾಟಬಾರದು, ಅದಕ್ಕೂ ಅಂಚು ಸವರಿರಬೇಕು. ಗಾಜಿನ ಬಾಗಿಲಾದರೆ ಗಾಜು ಇದೆ ಎಂದು ಗೊತ್ತಾಗುವ ಹಾಗೆ ಗುರುತು ಬೇಕು. ಬ್ರಿಟನ್ನಿನ ಮಾರ್ಗಸೂಚಿ ಎರಡು ಎತ್ತರದಲ್ಲಿ ಹಾಕಿ ಎನ್ನುತ್ತದೆ: ನೆಲದಿಂದ 85ರಿಂದ 100 ಸೆಂ.ಮೀ. ನಡುವೆ ಒಂದು, 140ರಿಂದ 160ರ ನಡುವೆ ಇನ್ನೊಂದು. ಇದು ಕಣ್ಣು ಚೆನ್ನಾಗಿರುವವರ ಮೂಗನ್ನೂ ಕಾಪಾಡುತ್ತದೆ.

ಹಜಾರದಲ್ಲಿ, ಲಿಫ್ಟಿನಲ್ಲಿ

ಬಿಳಿ ಕೋಲು ನೆಲ ತಡವುತ್ತದೆ, ಗಾಳಿಯನ್ನಲ್ಲ. ನೆಲದಿಂದ 68.5 ಸೆಂ.ಮೀ. ಒಳಗೆ ಇರುವುದು ಕೋಲಿಗೆ ಸಿಗುತ್ತದೆ. ಅದಕ್ಕಿಂತ ಮೇಲೆ, ಸುಮಾರು ಎರಡು ಮೀಟರಿನವರೆಗೆ, ಗೋಡೆಯಿಂದ 10 ಸೆಂ.ಮೀ.ಗಿಂತ ಹೆಚ್ಚು ಚಾಚಿದ್ದೆಲ್ಲ ನೇರ ಎದೆಗೋ ಹಣೆಗೋ ಬಡಿಯುತ್ತದೆ. ಬೆಂಕಿ ಆರಿಸುವ ಸಿಲಿಂಡರ್, ದೂರಿನ ಪೆಟ್ಟಿಗೆ, ಹೊರಕ್ಕೆ ತೆರೆಯುವ ಕಿಟಕಿ ರೆಕ್ಕೆ ಇವೆಲ್ಲ ಸಾಮಾನ್ಯ ಅಪರಾಧಿಗಳು. ಮೆಟ್ಟಿಲಿನ ಕೆಳಗಿನ ಖಾಲಿ ಜಾಗ ಎಲ್ಲಕ್ಕಿಂತ ಅಪಾಯ. ಅಲ್ಲೊಂದು ಅಡ್ಡಗಂಬಿ ಹಾಕಿಸಿ.

ಲಿಫ್ಟಿನ ಗುಂಡಿಗಳು 122 ಸೆಂ.ಮೀ. ಒಳಗೆ ಸಿಗಬೇಕು, ಅಂಕಿ ಉಬ್ಬಿರಬೇಕು, ಪಕ್ಕದಲ್ಲಿ ಬ್ರೈಲ್ ಇರಬೇಕು. ಒಳಗೆ ಮಹಡಿ ಹೇಳುವ ದನಿ ಬೇಕು. ಹೊರಗೆ ಮೇಲೆ ಹೋಗುವುದಕ್ಕೆ ಒಂದು ಸಲ, ಕೆಳಗೆ ಹೋಗುವುದಕ್ಕೆ ಎರಡು ಸಲ ಸದ್ದು ಮಾಡುವ ಪದ್ಧತಿ ಇದೆ. ಹೊಸ ಕಟ್ಟಡಗಳ ನುಣ್ಣನೆಯ ಟಚ್ ಪ್ಯಾನೆಲ್ ನೋಡಿದರೆ ನನಗೆ ಕೋಪ ಬರುತ್ತದೆ. ಗುಂಡಿ ಹುಡುಕಲು ಸವರಿದರೆ ಸವರಿದ ಮಹಡಿಗಳೆಲ್ಲ ಒತ್ತಿ ಹೋಗುತ್ತವೆ!

ಕೌಂಟರ್: ಅಳತೆ ಮುಗಿದು ಮನುಷ್ಯರು ಶುರುವಾಗುವ ಜಾಗ

ಕೌಂಟರಿನ ಒಂದು ಭಾಗವಾದರೂ 91.5 ಸೆಂ.ಮೀ. ಎತ್ತರದ ಒಳಗಿರಲಿ. ಅದರ ಮೇಲೆ ಕಂಪ್ಯೂಟರ್ ಪರದೆ, ಫೈಲು ಪೇರಿಸಿದ್ದರೆ ತೆಗೆಸಿ. ಇಷ್ಟು ಟೇಪಿನ ಕೆಲಸ.

ಮುಂದಿನದ್ದಕ್ಕೆ ಕೂತು ನೋಡಬೇಕು. ಟೋಕನ್ ನಂಬರ್ ಪರದೆಯಲ್ಲಿ ಮಾತ್ರ ಬರುತ್ತದೆಯಾ? ಹಾಗಾದರೆ ಕಣ್ಣು ಕಾಣದವರ ಸರದಿ ತಪ್ಪುತ್ತದೆ. ಕೂಗುತ್ತಾರೆ ಮಾತ್ರವಾ? ಕಿವಿ ಕೇಳದವರ ಸರದಿ ತಪ್ಪುತ್ತದೆ. ಎರಡೂ ಬೇಕು. ತುಟಿ ನೋಡಿ ಮಾತು ತಿಳಿಯುವವರಿಗೆ ಸಿಬ್ಬಂದಿಯ ಮುಖದ ಮೇಲೆ ಬೆಳಕು ಬೀಳಬೇಕು. ಬೆನ್ನ ಹಿಂದೆ ಕಿಟಕಿ ಇದ್ದರೆ ಮುಖ ಬರೀ ಕಪ್ಪು. ಪರದೆ ನೋಡುತ್ತಲೇ ಮಾತಾಡುವ ಅಭ್ಯಾಸವೂ ಇಲ್ಲಿ ಕೈಕೊಡುತ್ತದೆ. ಸನ್ನೆ ಭಾಷೆಯವರಿಗೆ ದುಭಾಷಿಯನ್ನು ಹೇಗೆ ಕರೆಸುತ್ತೀರಿ ಎಂದು ಕೇಳಿ. ‘ಬರೆದು ತೋರಿಸುತ್ತೇವೆ’ ಎಂಬ ಉತ್ತರ ಬಂದರೆ ಪೂರ್ತಿ ಒಪ್ಪಬೇಡಿ. ಸನ್ನೆ ಭಾಷೆಯೇ ಮಾತೃಭಾಷೆ ಆದವರಿಗೆ ಬರಹದ ಭಾಷೆ ಎರಡನೆಯದು.

ಅರ್ಜಿ ನಮೂನೆ ತೆಗೆದುಕೊಂಡು ಒಂದು ಸಲ ಜೋರಾಗಿ ಓದಿ. ನಿಮಗೇ ಉಸಿರು ಕಟ್ಟಿದರೆ, ಬುದ್ಧಿಮಾಂದ್ಯ ಇರುವವರಿಗೋ ಓದಿನ ತೊಂದರೆ ಇರುವವರಿಗೋ ಅದು ಹೇಗೆ ಅರ್ಥವಾಗಬೇಕು? ಸರಳ ಮಾತಿನ ಪ್ರತಿ, ದೊಡ್ಡ ಅಕ್ಷರದ ಪ್ರತಿ ಇಡಲು ಹೇಳಿ. ಗದ್ದಲ, ಮಿನುಗುವ ದೀಪ ತಡೆಯಲಾಗದವರಿಗೆ ಕಾಯಲು ಒಂದು ಶಾಂತ ಮೂಲೆ ಇದ್ದರೆ ಸಾಕು, ಪ್ರತ್ಯೇಕ ಕೋಣೆಯೇ ಬೇಕೆಂದಿಲ್ಲ.

ಇದಿಷ್ಟೂ ಇದ್ದು, ಸಿಬ್ಬಂದಿ ವೀಲ್‌ಚೇರಿನಲ್ಲಿರುವವರನ್ನು ಬಿಟ್ಟು ಪಕ್ಕದಲ್ಲಿ ನಿಂತವರನ್ನು ‘ಇವರಿಗೆ ಏನು ಬೇಕಂತೆ?’ ಎಂದು ಕೇಳಿದರೆ? ಅದನ್ನೂ ಬರೆದುಕೊಳ್ಳಿ. ಆ ಗೆಳೆಯರ ಜೊತೆ ಹೋದಾಗೆಲ್ಲ ನನಗೆ ಈ ಪ್ರಶ್ನೆ ಬಂದಿದೆ. ನಾನು ಉತ್ತರ ಹೇಳದೆ ಸುಮ್ಮನಿರುವುದನ್ನು ಕಲಿತಿದ್ದೇನೆ.

ಸೇವೆ ವೆಬ್‌ಸೈಟಿನಲ್ಲಿದ್ದರೆ ಮೌಸ್ ಪಕ್ಕಕ್ಕಿಟ್ಟು ಬರೀ ಕೀಬೋರ್ಡಿನಿಂದ (ಟ್ಯಾಬ್, ಎಂಟರ್, ಸ್ಪೇಸ್, ಬಾಣದ ಕೀಲಿ ಬಳಸಿ) ಅರ್ಜಿ ಪೂರ್ತಿ ತುಂಬಲು ಆಗುತ್ತದೆಯಾ ನೋಡಿ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರೋ ಅಲ್ಲೇ ದೋಷ. ಡಬ್ಲ್ಯುಸಿಎಜಿ ಎಂಬ ವೆಬ್ ಮಾನದಂಡದ 2.2 ಆವೃತ್ತಿ 2023ರಲ್ಲಿ ಬಂತು. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಇರಬೇಕು ಎಂಬುದು ಅದರ ಒಂದು ನಿಯಮ. ತಿಳಿ ಬೂದು ಅಕ್ಷರ ಚೆಂದ ಕಾಣಬಹುದು, ಓದಲು ಆಗುವುದಿಲ್ಲ. ಪರದೆಯ ಮೇಲಿನದ್ದನ್ನು ಕಣ್ಣು ಕಾಣದವರಿಗೆ ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶಕ್ಕೆ, ಸ್ಕ್ಯಾನ್ ಮಾಡಿ ಏರಿಸಿದ ಪಿಡಿಎಫ್ ಓದುವುದು ಕಷ್ಟ, ಅದಕ್ಕೆ ಅದು ಬರೀ ಚಿತ್ರ.

ಟಾಯ್ಲೆಟ್

ಜನ ಹೊರಗೆ ಹೋಗಬೇಕಾ ಬೇಡವಾ ಎಂದು ನಿರ್ಧರಿಸುವುದು ಎಷ್ಟೋ ಸಲ ಇದರ ಮೇಲೆ. ಟಾಯ್ಲೆಟ್ ಸಿಗುವುದಿಲ್ಲ ಎಂದು ಬೆಳಗ್ಗೆಯಿಂದ ನೀರೇ ಕುಡಿಯದೆ ಹೊರಡುವವರಿದ್ದಾರೆ. ಆದ್ದರಿಂದ ಇಲ್ಲಿ ಆತುರ ಬೇಡ.

ಮೊದಲು ಬಾಗಿಲು ತೆಗೆಯಿರಿ. ಪೊರಕೆ, ಬಕೆಟ್ಟು, ಹಳೆಯ ಕುರ್ಚಿ ಇದ್ದರೆ ಫೋಟೋ ತೆಗೆದುಕೊಳ್ಳಿ. ಬಾಗಿಲು ಹೊರಕ್ಕೆ ತೆರೆದರೆ ಒಳ್ಳೆಯದು. ಯಾರಾದರೂ ಒಳಗೆ ಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲಿಗೆ ಅವರ ಮೈಯೇ ಅಡ್ಡವಾಗುತ್ತದೆ. ಒಳಗೆ ವೀಲ್‌ಚೇರ್ ಪೂರ್ತಿ ತಿರುಗಲು 1.52 ಮೀಟರ್ ವ್ಯಾಸದ ಖಾಲಿ ಜಾಗ ಬೇಕು. ಕಮೋಡಿನ ಸೀಟು ನೆಲದಿಂದ 43ರಿಂದ 48.5 ಸೆಂ.ಮೀ. ಎತ್ತರ ಇರಲಿ, ವೀಲ್‌ಚೇರಿನ ಸೀಟಿಗೆ ಅದು ಹತ್ತಿರವಾದಷ್ಟೂ ಜರುಗುವುದು ಸುಲಭ. ಹಿಡಿಕಂಬಿ 84ರಿಂದ 91.5 ಸೆಂ.ಮೀ. ಎತ್ತರದಲ್ಲಿ. ಅದನ್ನು ಹಿಡಿದು ನಿಮ್ಮ ಪೂರ್ತಿ ಭಾರ ಹಾಕಿ ಜೋತುಬೀಳಿ. ಅಲುಗಾಡಿದರೆ ಅದು ಟವೆಲ್ ಹಾಕುವ ಕಂಬಿ ಎಂದು ಬರೆಯಿರಿ.

ಗೋಡೆಯಿಂದ ಕಮೋಡಿನ ನಡುಗೆರೆಗೆ 40.5ರಿಂದ 45.5 ಸೆಂ.ಮೀ. ಇರಬೇಕು. ದೂರವಾದರೆ ಕಂಬಿ ಕೈಗೆ ಸಿಗುವುದಿಲ್ಲ, ಹತ್ತಿರವಾದರೆ ಮೊಣಕೈ ಗೋಡೆಗೆ ತಾಗುತ್ತದೆ. ವಾಶ್‌ಬೇಸಿನ್ ಕೆಳಗೆ ಮಂಡಿ ಹೋಗಲು 68.5 ಸೆಂ.ಮೀ. ಬಿಡಬೇಕು. ಕನ್ನಡಿಯ ಕೆಳ ಅಂಚು ಒಂದು ಮೀಟರಿನ ಹತ್ತಿರ ಇರಲಿ.

ಬ್ರಿಟನ್ನಿನಲ್ಲಿ ಇಂಥ ಟಾಯ್ಲೆಟ್ಟಿನಲ್ಲಿ ಕೆಂಪು ದಾರ ಇಳಿಬಿಟ್ಟಿರುತ್ತಾರೆ. ಎಳೆದರೆ ಹೊರಗೆ ಗಂಟೆ ಹೊಡೆಯುತ್ತದೆ. ಅದರ ಕೆಳಗಿನ ಬಳೆ ನೆಲದಿಂದ ಬರೀ 10 ಸೆಂ.ಮೀ. ಎತ್ತರದಲ್ಲಿರಬೇಕು, ಬಿದ್ದವರ ಕೈಗೆ ಸಿಗಲಿ ಎಂದು. ನೆಲ ಒರೆಸುವಾಗ ಅಡ್ಡಿ ಎಂದು ಅದನ್ನು ಮೇಲಕ್ಕೆ ಗಂಟು ಹಾಕಿಬಿಡುತ್ತಾರೆ. ಎಲ್ಲಾದರೂ ಹಾಗೆ ಕಂಡರೆ ಅಲ್ಲೇ ಬಿಚ್ಚಿ.

ಬೆಂಕಿ ಹತ್ತಿಕೊಂಡರೆ?

ಬರುವ ದಾರಿ ಅಳೆದಾಯಿತು. ಬೆಂಕಿ ಬಿದ್ದಾಗ ಮಾಮೂಲಿ ಲಿಫ್ಟ್ ಬಳಸುವ ಹಾಗಿಲ್ಲ. ಮೂರನೇ ಮಹಡಿಯಲ್ಲಿರುವ ವೀಲ್‌ಚೇರ್ ಬಳಕೆದಾರರು ಆಗ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಉಸ್ತುವಾರಿ ನೋಡುವವರು ತಡವರಿಸಿದರೆ ಯೋಜನೆ ಇಲ್ಲ ಎಂದೇ ಅರ್ಥ. ಮೆಟ್ಟಿಲ ಪಕ್ಕದಲ್ಲಿ ಬೆಂಕಿ ಹೊಗೆ ತಡೆಯುವ ಕಾಯುವ ಜಾಗ, ಅಲ್ಲಿಂದ ಕೆಳಗಿನವರ ಜೊತೆ ಮಾತಾಡುವ ವ್ಯವಸ್ಥೆ, ಮೆಟ್ಟಿಲಿಳಿಸುವ ವಿಶೇಷ ಕುರ್ಚಿ, ಅದನ್ನು ಬಳಸಲು ಕಲಿತ ಇಬ್ಬರು, ಇಷ್ಟಿರಬೇಕು. ಅಲಾರಂ ಜೊತೆ ಮಿನುಗುವ ದೀಪವೂ ಬೇಕು, ಮುಖ್ಯವಾಗಿ ಟಾಯ್ಲೆಟ್ಟಿನ ಒಳಗೆ. ಕಿವಿ ಕೇಳದವರು ಅಲ್ಲಿ ಒಬ್ಬರೇ ಇರುತ್ತಾರೆ, ಓಡುವವರನ್ನು ನೋಡಿಯೂ ಗೊತ್ತಾಗುವುದಿಲ್ಲ.

ಬರೆದು ಕೊಡುವುದು

‘ರ‍್ಯಾಂಪ್ ತುಂಬಾ ಕಡಿದಾಗಿದೆ’ ಎಂದು ಬರೆದರೆ ‘ನಮಗೆ ಹಾಗೆ ಅನಿಸಲ್ಲ’ ಎಂಬ ಉತ್ತರ ಬರುತ್ತದೆ. ‘ಎತ್ತರ 60 ಸೆಂ.ಮೀ., ಉದ್ದ 3 ಮೀಟರ್, ಅಂದರೆ 1:5. ಇರಬೇಕಾದ್ದು 1:12’ ಎಂದು ಬರೆದು ಟೇಪು ಕಾಣುವ ಫೋಟೋ ಅಂಟಿಸಿದರೆ ವಾದಕ್ಕೆ ಜಾಗ ಇರುವುದಿಲ್ಲ.

ಕಂಡದ್ದನ್ನೆಲ್ಲ ಒಂದೇ ಉದ್ದ ಪಟ್ಟಿ ಮಾಡಬೇಡಿ, ಓದುವವರು ಕೈಚೆಲ್ಲುತ್ತಾರೆ. ಇವತ್ತೇ ಆಗುವುದನ್ನು ಮೇಲೆ ಬರೆಯಿರಿ: ಕಸದ ಡಬ್ಬ ಸರಿಸುವುದು, ಬೀಗ ತೆಗೆಯುವುದು, ಪೊರಕೆ ಬೇರೆ ಕಡೆ ಇಡುವುದು. ಆಮೇಲೆ ಸಣ್ಣ ಖರ್ಚಿನವು: ಹಿಡಿ ಬದಲಿಸುವುದು, ಅಂಚಿಗೆ ಬಣ್ಣ, ಗಾಜಿಗೆ ಗುರುತು. ಗೋಡೆ ಒಡೆಯುವ ಕೆಲಸ ಕೊನೆಗೆ, ಯಾವ ದಿನಾಂಕದೊಳಗೆ ಎಂದು ಲಿಖಿತವಾಗಿ ಕೇಳಿ. ಅಲ್ಲಿಯವರೆಗೆ ಏನು ಮಾಡುತ್ತೀರಿ ಎಂದೂ ಕೇಳಿ. ಮೇಲಿನ ಮಹಡಿಯ ಸೇವೆಯನ್ನು ಕೆಳಗೇ ಬಂದು ಕೊಡಬಹುದಲ್ಲ? ವಿಶ್ವಸಂಸ್ಥೆಯ ಒಪ್ಪಂದ ಇದನ್ನು ನ್ಯಾಯವಾದ ಹೊಂದಾಣಿಕೆ ಎನ್ನುತ್ತದೆ, ಅದನ್ನು ನಿರಾಕರಿಸುವುದನ್ನು ತಾರತಮ್ಯ ಎಂದೇ ಎಣಿಸುತ್ತದೆ.

ಕೆಲಸ ಮುಗಿದಿದೆ ಎಂದು ಫೋನ್ ಬಂದಾಗ ಮತ್ತೆ ಹೋಗಿ, ಜನ ಜಾಸ್ತಿ ಇರುವ ಹೊತ್ತಿನಲ್ಲಿ. ಮೊದಲು ಹೇಳಿದ ಕಚೇರಿಯವರು ಆ ಒಂದು ಮೆಟ್ಟಿಲು ಸರಿ ಮಾಡಿದ್ದೇವೆ ಎಂದು ಖುಷಿಯಿಂದ ಕರೆದರು. ಹೋಗಿ ನೋಡಿದರೆ ಮೆಟ್ಟಿಲು ಇರಲಿಲ್ಲ, ನಿಜ. ರ‍್ಯಾಂಪಿನ ತುದಿಯನ್ನೇ 15 ಸೆಂ.ಮೀ. ಎತ್ತರಿಸಿ ಹೊಸಿಲಿಗೆ ಕೂಡಿಸಿದ್ದರು. ಉದ್ದ ಮಾತ್ರ ಅದೇ 5.4 ಮೀಟರ್. 1:12 ಇದ್ದದ್ದು 1:9 ಆಗಿತ್ತು, ಬಾಗಿಲ ಮುಂದಿನ ಸಮತಟ್ಟೂ ಹೋಗಿತ್ತು. ಗೆಳೆಯರು ಬುಡದಲ್ಲೇ ನಿಂತು ಒಂದು ಸಲ ಮೇಲೆ ನೋಡಿದರು, ನನ್ನ ಕಡೆ ಕೈ ಚಾಚಿದರು. ‘ಟೇಪು ಕೊಡಿ’ ಎಂದರು.